ಬೋರ್ಡು ಓದುತ್ತಿದ್ದ ಕಾಕಾ

ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಮ್ಯಾಗ್ನೆಟ್ ಇದೆ. ಅದರಲ್ಲಿರುವುದು ಒಂದು ದಾರದ ಉಂಡೆಯ ಚಿತ್ರ. ಮನೆಗೆ ಬಂದವರು ಅದನ್ನು ನೋಡಿ, ಮಗಳು ಸ್ಕೂಲಿನಲ್ಲಿ ಮಾಡಿದ್ದೇ ಎಂದು ಕೇಳುತ್ತಾರೆ. ಅಲ್ಲ, ಅದೊಂದು ಪ್ರೇಕ್ಷಣೀಯ ಸ್ಥಳ. ಪ್ರಪಂಚದಲ್ಲೇ ಅತಿ ದೊಡ್ಡದೆಂದು ಆ ಊರಿನವರು ಹೇಳಿಕೊಳ್ಳುವ ಉಂಡೆ. ಅದನ್ನು ನೋಡಲು ನಾವು ಸ್ಯಾನ್ ಹೋಸೆಯಲ್ಲಿ ವಿಮಾನ ಹತ್ತಿ, ಡೆನ್ವರಿನಲ್ಲಿ ಇಳಿದು, ಬಾಡಿಗೆ ವ್ಯಾನಿನಲ್ಲಿ ಒಂದು ಹಗಲು ಪೂರ್ತಿ ಪ್ರಯಾಣ ಮಾಡಿದ್ದೆವು. ನಮ್ಮ ಮನೆಯೊಂದೇ ಅಲ್ಲ, ಸಾಂಟಾ ಕ್ಲಾರಾದ ಎಷ್ಟೋ ಕನ್ನಡದ ಮನೆಗಳ ಫ್ರಿಜ್ಜಿನ ಮೇಲೆ ಈ ಉಂಡೆ ಇದೆ. ಎಲ್ಲಕ್ಕೂ ಕಾರಣ ಒಬ್ಬರೇ ಮನುಷ್ಯ. ಈ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಅವರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದರು. ನವಲಗುಂದದ ಕಡೆಯವರು. ಕಂಪ್ಯೂಟರ್ ಚಿಪ್ಪಿನ ಕಂಪನಿಯೊಂದರಲ್ಲಿ ಕೆಲಸ ಮಾಡಿ ರಿಟೈರಾಗಿ, ಲಾಸ್ ಆಲ್ಟೋಸಿನ ಮನೆಯಲ್ಲಿ ಹೆಂಡತಿ ಕಾಕು ಜೊತೆ ಇದ್ದರು. ಉದ್ದನೆಯ ಸಣಕಲು ಆಳು. ತಲೆಯ ಮೇಲೆ ಸದಾ ಒಂದು ಹಸಿರು ಟೊಪ್ಪಿಗೆ. ಅದು ಯಾವುದೋ ಹಳ್ಳಿಯ ಬೀಜದ ಅಂಗಡಿಯವರು ಕೊಟ್ಟದ್ದು. ಯುಗಾದಿ ಕಾರ್ಯಕ್ರಮಕ್ಕೆ ರೇಷ್ಮೆ ಜುಬ್ಬ ಹಾಕಿಕೊಂಡು ಬಂದರೂ ತಲೆಯ ಮೇಲೆ ಜೋಳದ ತೆನೆಯ ಚಿತ್ರವಿದ್ದ ಆ ಟೊಪ್ಪಿಗೆ ಇರಲೇಬೇಕು. ಅದನ್ನು ತೆಗೆದರೆ ಅವರು ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದರು.

ರಿಟೈರಾದವರು ಇಲ್ಲಿ ಗಾಲ್ಫ್ ಕಲಿಯುತ್ತಾರೆ, ಇಲ್ಲವೇ ಹಿತ್ತಿಲಲ್ಲಿ ಹೀರೇಕಾಯಿ ಬೆಳೆದು ಊರಿಗೆಲ್ಲ ಹಂಚುತ್ತಾರೆ. ಕಾಕಾ ಹಿಡಿದದ್ದು ಪ್ರೈರಿಯ ಹುಚ್ಚು. ನೆಬ್ರಾಸ್ಕಾ, ಕ್ಯಾನ್ಸಾಸ್, ಡಕೋಟಾ ಎಂದು ಅಮೆರಿಕದ ನಟ್ಟನಡುವೆ ಮಲಗಿರುವ ಆ ಹುಲ್ಲುಬಯಲು. ಇಲ್ಲಿಯವರು ಅದನ್ನು ವಿಮಾನದ ಕಿಟಕಿಯಿಂದ ನೋಡುತ್ತಾರೆ, ಅದೂ ನಿದ್ದೆ ಬಾರದಿದ್ದರೆ. ಅಲ್ಲಿ ಬೆಟ್ಟವಿಲ್ಲ, ಸಮುದ್ರವಿಲ್ಲ, ಜಲಪಾತವಿಲ್ಲ. ಕಾಕಾಗೆ ಬೇಕಾಗಿದ್ದೂ ಅದೇ.

"ಇಲ್ಲಿ ಎತ್ತ ನೋಡಿದ್ರೂ ಈ ಗುಡ್ಡ ಅಡ್ಡ ಬರ್ತಾವ," ಎಂದು ಬೇ ಏರಿಯಾದ ಬೆಟ್ಟಗಳ ಮೇಲೆ ಸಿಡುಕುತ್ತಿದ್ದರು. "ಅಲ್ಲಿ ನೋಡ್ರಿ, ನಮ್ಮ ಎರಿಹೊಲ ಇದ್ದಂಗ ಅದ. ಕಣ್ಣು ಎಲ್ಲೀತನಕ ಹೋಗ್ತದೋ ಅಲ್ಲೀತನಕ ಹೋಗ್ಬಹುದು."

"ಊರಾಗಿದ್ದಾಗ ಒಂದು ದಿನ ಹೊಲದ ಕಡೆ ತಲಿ ಹಾಕಿದವ್ರಲ್ಲ," ಎಂದು ಕಾಕು ಶೇಂಗಾ ಸುಲಿಯುತ್ತ ಹೇಳುತ್ತಿದ್ದರು. "ಬೂಟಿಗೆ ಮಣ್ಣು ಹತ್ತತದ ಅಂತ."

ಕಾಕಾನ ಪ್ರವಾಸಕ್ಕೆ ಜನರ ಕೊರತೆ ಇರಲಿಲ್ಲ. ಬೇಸಿಗೆ ಬಂತೆಂದರೆ ಇಲ್ಲಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಊರಿನಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ ಇರುತ್ತಾರೆ. ಮಕ್ಕಳು ಆಫೀಸಿಗೆ, ಮೊಮ್ಮಕ್ಕಳು ಕ್ಯಾಂಪಿಗೆ ಹೋದ ಮೇಲೆ ಅವರು ಬಾಲ್ಕನಿಯಲ್ಲಿ ನಿಂತು ಪಾರ್ಕಿಂಗ್ ಲಾಟ್ ನೋಡುತ್ತಾರೆ. ಇಂಥವರನ್ನು ಕಾಕಾ ಎಲ್ ಕಮೀನೋ ರಸ್ತೆಯ ಇಂಡಿಯನ್ ಅಂಗಡಿಗಳಲ್ಲಿ, ಕರಿಬೇವಿನ ಕಟ್ಟುಗಳ ಹತ್ತಿರ ನಿಂತು ಹಿಡಿಯುತ್ತಿದ್ದರು. ನನ್ನ ಅತ್ತೆ ಸಿಕ್ಕಿಬಿದ್ದದ್ದೂ ಅಲ್ಲೇ. ಮಂಡ್ಯದವರು. ಅವರೊಬ್ಬರನ್ನೇ ಕಳಿಸಲು ಧೈರ್ಯ ಸಾಲದೆ ನಾನು, ನನ್ನ ಗಂಡ, ಮಗಳು ಮೂವರೂ ರಜೆ ಹಾಕಿ ಹೊರಟೆವು.

ಕಾಕಾನ ಪ್ರವಾಸಕ್ಕೆ ನಿಯಮ ಒಂದೇ. ದಾರಿಯಲ್ಲಿ ಕಂದು ಬಣ್ಣದ ಬೋರ್ಡು ಕಂಡರೆ ವ್ಯಾನು ತಿರುಗಬೇಕು. ಐತಿಹಾಸಿಕ ಸ್ಥಳ ಎಂದು ಬರೆದ ಯಾವ ಫಲಕವನ್ನೂ ಬಿಡುವ ಹಾಗಿಲ್ಲ. ವ್ಯಾನು ನಿಂತ ಕೂಡಲೇ ಅವರು ಇಳಿದು, ಫಲಕದ ಮುಂದೆ ಟೊಪ್ಪಿಗೆ ಸರಿಮಾಡಿಕೊಂಡು ನಿಂತು, ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಆಮೇಲೆ ಅಷ್ಟನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಕೆಳಗೆ ಸಣ್ಣಕ್ಷರದಲ್ಲಿರುವ, ಫಲಕ ನಿಲ್ಲಿಸಿದ ಸಂಘದವರ ಹೆಸರನ್ನೂ ಬಿಡುತ್ತಿರಲಿಲ್ಲ. ಬಿಸಿಲಿನಲ್ಲಿ ನಾವು ಕಾಲು ಬದಲಿಸುತ್ತ ನಿಂತಿರುತ್ತಿದ್ದೆವು. ಕಾಕು ಮಾತ್ರ ಎಂದೂ ಇಳಿದವರಲ್ಲ. ವ್ಯಾನಿನ ಎಸಿಯಲ್ಲಿ ಕೂತು ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದರು.

ಹೀಗೆ ನಾವು ಏನೇನೋ ನೋಡಿದೆವು. ಒಂದೇ ಕೋಣೆಯ ಶಾಲೆ ನೋಡಿದೆವು. ಮುಚ್ಚಿಹೋದ ರೈಲು ಸ್ಟೇಷನ್ನು, ಪಾಳುಬಿದ್ದ ಜೋಳದ ಕಣಜ, ಸಿಮೆಂಟಿನಲ್ಲಿ ಮಾಡಿ ನಿಲ್ಲಿಸಿದ್ದ ಒಂದು ಭಾರೀ ಕೋಳಿ ನೋಡಿದೆವು. ಕೋಳಿಯ ಮುಂದೆ ನಿಂತು ನನ್ನ ಅತ್ತೆ, "ಅಯ್ಯೋ ಶಿವನೇ, ಇದ್ನ ನೋಡಕ್ಕೆ ಪ್ಲೇನ್ ಹತ್ಕಂಡ್ ಬಂದ್ವಾ?" ಎಂದರು. ಆದರೆ ಫೋಟೋ ಹೊಡೆಸಿಕೊಂಡು ಮಂಡ್ಯದ ಗ್ರೂಪಿಗೆಲ್ಲ ಕಳಿಸಿದರು. ಇನ್ನೊಂದು ಊರಿನಲ್ಲಿ ಹಳೆಯ ಕಾಲದ ಜೈಲಿತ್ತು. ಕಂಬಿಗಳ ಒಂದೇ ಒಂದು ಗೂಡು. ಫೋಟೋ ತೆಗೆಯಲೆಂದು ಕಾಕಾ ನನ್ನ ಗಂಡನನ್ನು ಒಳಗೆ ನಿಲ್ಲಿಸಿ ಬಾಗಿಲು ಹಾಕಿದರು. ಚಿಲಕ ಕಚ್ಚಿಕೊಂಡಿತು. ಕೀಲಿಯ ಯಜಮಾನ ಊಟಕ್ಕೆ ಹೋಗಿದ್ದ. ಅವನು ಬರುವವರೆಗೆ ಕಾಕಾ ಕಂಬಿಯ ಹೊರಗೆ ನಿಂತು ಆ ಜೈಲಿನ ಚರಿತ್ರೆಯನ್ನು ನನ್ನ ಗಂಡನಿಗೆ ಎರಡೆರಡು ಸಲ ಓದಿ ಹೇಳಿದರು. ಪಾಪ, ಅವರಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

ಒಂದು ಕಡೆ ಕಲ್ಲುನೆಲದಲ್ಲಿ ಆಳವಾಗಿ ಕೊರೆದ ಬಂಡಿಯ ಜಾಡು ಇತ್ತು. ಹಿಂದೆ ಪೂರ್ವದಿಂದ ಪಶ್ಚಿಮಕ್ಕೆ ಸಂಸಾರ ಸಮೇತ ಹೊರಟವರ ಬಂಡಿಗಳು. ಕಾಕಾ ಅದರೊಳಗೆ ಇಳಿದು ನಿಂತು, "ಇವ್ರೂ ನಮ್ಮಂಗ ಕ್ಯಾಲಿಫೋರ್ನಿಯಾಕ್ಕ ಹೊಂಟವ್ರೇ. ವೀಸಾದ ಚಿಂತಿ ಒಂದು ಇರಲಿಲ್ಲ," ಎಂದರು. ಆಮೇಲೆ ಅಲ್ಲಿನ ಫಲಕ ಓದಿ ಮುಗಿಸಿ ಸಿಟ್ಟಾದರು. ಆ ನೆಲದಲ್ಲಿ ಮೊದಲಿನಿಂದ ಇದ್ದ ಮೂಲನಿವಾಸಿಗಳ ಒಂದು ಹೆಸರೂ ಅದರಲ್ಲಿ ಇರಲಿಲ್ಲ. "ಬೋರ್ಡು ಬರೆಯೋರು ಯಾವಾಗ್ಲೂ ಅರ್ಧಾನೇ ಬರೀತಾರ," ಎಂದು ಬೋರ್ಡಿಗೇ ಬೈದರು. ಅಷ್ಟಾದರೂ ಬೋರ್ಡೆಂದರೆ ಅವರಿಗೆ ಎಲ್ಲಿಲ್ಲದ ಮೋಹ. ಎಷ್ಟೋ ಚಿಪ್ಪುಗಳಲ್ಲಿ ತಮ್ಮ ಕೆಲಸವಿದ್ದರೂ ಯಾವುದರ ಮೇಲೂ ತಮ್ಮ ಹೆಸರಿಲ್ಲ, ಒಂದಾದರೂ ಬೋರ್ಡಿನ ಮೇಲೆ ಬಂದು ಸಾಯಬೇಕು ಎಂದು ನಗುತ್ತಲೇ ಹೇಳುತ್ತಿದ್ದರು.

"ಅಮ್ಮಾ, ದೇರ್ ಈಸ್ ನಥಿಂಗ್ ಹಿಯರ್!" ಎಂದು ನನ್ನ ಮಗಳು ಒಮ್ಮೆ ಕಿರುಚಿದಳು.

"ಹೌದವಾ, ಅದನ್ನ ತೋರಿಸ್ಲಿಕ್ಕೇ ಕರ್ಕೊಂಡು ಬಂದೀನಿ," ಎಂದರು ಕಾಕಾ, ಬಹಳ ಸಂತೋಷದಿಂದ.

ಆ ಪ್ರವಾಸದ ಕೊನೆಗೆ ನೆಬ್ರಾಸ್ಕಾದ ಒಂದು ಸಣ್ಣ ಊರಿನಲ್ಲಿ ನಾವು ಡೋರಿಸ್ ಎಂಬ ಅಜ್ಜಿಯ ಮನೆ ನೋಡಿದೆವು. ಮರವೇ ಇಲ್ಲದ ಆ ಬಯಲಿಗೆ ಬಂದ ಮೊದಲ ರೈತರು ನೆಲದ ಹುಲ್ಲನ್ನೇ ಬೇರು ಮಣ್ಣು ಸಮೇತ ಹೆಂಟೆ ಹೆಂಟೆಯಾಗಿ ಕತ್ತರಿಸಿ, ಇಟ್ಟಿಗೆಯ ಹಾಗೆ ಜೋಡಿಸಿ ಮನೆ ಕಟ್ಟಿಕೊಂಡಿದ್ದರಂತೆ. ಅಂಥ ಒಂದು ಮನೆ ಅದು. ಡೋರಿಸಜ್ಜಿಯ ಅಜ್ಜ ಕಟ್ಟಿದ್ದು. ಆಕೆಯ ತಾಯಿ ಹುಟ್ಟಿದ್ದು ಅದರೊಳಗೆ. ಈಗ ಅದು ಊರಿನ ಮ್ಯೂಸಿಯಂ. ನೋಡಬೇಕಾದವರು ಬಾಗಿಲ ಮೇಲಿನ ನಂಬರಿಗೆ ಫೋನ್ ಮಾಡಿದರೆ ಅಜ್ಜಿ ಪಿಕಪ್ ಟ್ರಕ್ಕಿನಲ್ಲಿ ಬಂದು ಬೀಗ ತೆಗೆಯುತ್ತಿದ್ದರು.

ಒಳಗೆ ಒಂದು ಕಬ್ಬಿಣದ ಒಲೆ, ಒಂದು ಮಂಚ, ಒಂದು ತೊಟ್ಟಿಲು ಇದ್ದವು. ನೆಲ ಮಾತ್ರ ಪುಡಿಪುಡಿಯಾಗಿ ಎದ್ದು ಗುಂಡಿ ಬಿದ್ದಿತ್ತು. ಯಾರೋ ಮುಗ್ಗರಿಸಿ ಬಿದ್ದು ಕೈ ಮುರಿದುಕೊಂಡಿದ್ದರಂತೆ. ತಿಂಗಳೊಳಗೆ ನೆಲ ಸರಿಯಾಗದಿದ್ದರೆ ಮನೆಗೆ ಶಾಶ್ವತವಾಗಿ ಬೀಗ ಹಾಕುತ್ತೇವೆ, ಸಾಮಾನನ್ನು ಲೈಬ್ರರಿಯ ನೆಲಮಾಳಿಗೆಗೆ ಸಾಗಿಸುತ್ತೇವೆ ಎಂದು ಕೌಂಟಿಯ ಅಧಿಕಾರಿಗಳು ಹೇಳಿಹೋಗಿದ್ದರು. ಸಿಮೆಂಟ್ ಹಾಕಿಸಬಹುದಲ್ಲ ಎಂದು ನನ್ನ ಗಂಡ ಕೇಳಿದ್ದಕ್ಕೆ ಅಜ್ಜಿ, ನನ್ನ ತಾಯಿ ಅಂಬೆಗಾಲಿಟ್ಟದ್ದು ಸಿಮೆಂಟಿನ ಮೇಲಲ್ಲ ಎಂದಷ್ಟೇ ಹೇಳಿ, ತೊಟ್ಟಿಲ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಆಕೆಗೆ ಬೇರೆ ಯಾರೂ ಇರಲಿಲ್ಲ. ಆ ಮನೆಗೆ ಬೀಗ ಬಿದ್ದರೆ ಬೆಳಗ್ಗೆ ಎದ್ದು ಏನು ಮಾಡಲಿ ಎಂದು ನಮ್ಮನ್ನೇ ಕೇಳಿದರು.

ಕಾಕಾ ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡರು. "ನೋ ಪ್ರಾಬ್ಲಮ್, ಮ್ಯಾಡಮ್. ಇನ್ ಅವರ್ ಕಂಟ್ರಿ ಎವ್ರಿಬಡಿ ನೋಸ್ ದಿಸ್."

ಹೆಂಡಿಯಿಂದ, ಅಂದರೆ ಸೆಗಣಿಯಿಂದ, ನೆಲ ಸಾರಿಸುವುದು ತಮಗೆಲ್ಲ ರಕ್ತದಲ್ಲೇ ಬಂದಿದೆ ಎಂದು ಕಾಕಾ ಆಕೆಗೆ ಮಾತು ಕೊಟ್ಟುಬಿಟ್ಟರು. ನಿಜ ಹೇಳುತ್ತೇನೆ, ಆ ವ್ಯಾನಿನಲ್ಲಿದ್ದ ಒಬ್ಬರೂ ಜೀವನದಲ್ಲಿ ಸೆಗಣಿ ಮುಟ್ಟಿದವರಲ್ಲ. ಕಾಕಾ ಮತ್ತು ಕಾಕು ಬೆಳೆದ ಮನೆಗಳಲ್ಲಿ ಶಾಬಾದಿ ಕಲ್ಲಿನ ಫರಸಿ. ಅತ್ತೆಯ ಮನೆಯಲ್ಲಿ ರೆಡ್ ಆಕ್ಸೈಡು. ನನಗೆ ಗೊತ್ತಿದ್ದದ್ದು ಮೊಸಾಯಿಕ್ಕು. ಆದರೆ ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ನಮ್ಮ ಜನಕ್ಕೆ ಇಲ್ಲವಲ್ಲ. ಸೆಗಣಿ ಎಂದೊಡನೆ ಎಲ್ಲರೂ ಪಂಡಿತರಾದರು. ಅತ್ತೆ ಇದ್ದಿಲ ಪುಡಿ ಹಾಕಬೇಕು ಎಂದರು. ಬೂದಿಯೇ ಸರಿ ಎಂದರು ಕಾಕಾ. ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ಎಂದು ಮಂಡ್ಯಕ್ಕೂ ನವಲಗುಂದಕ್ಕೂ ಜಗಳವೇ ಆಯಿತು. ಸ್ಯಾನ್ ಮಟಿಯೋದಲ್ಲಿ ಮ್ಯಾನೇಜರ್ ಆಗಿರುವ ನನ್ನ ಗಂಡ ನೆಲವನ್ನು ನಾಲ್ಕು ಭಾಗ ಮಾಡಿ ಒಂದೊಂದಕ್ಕೆ ಒಬ್ಬೊಬ್ಬರನ್ನು ಜವಾಬ್ದಾರರನ್ನಾಗಿ ನೇಮಿಸಿದರು. ಸುಮ್ಮನಿದ್ದವರು ಕಾಕು ಒಬ್ಬರೇ.

ಪಕ್ಕದಲ್ಲೇ ದನಗಳನ್ನು ಕೊಬ್ಬಿಸಿ ಮಾರುವ ದೊಡ್ಡ ಕೊಟ್ಟಿಗೆ ಇತ್ತು. ಅವರು ನಗುತ್ತಲೇ ಡ್ರಮ್ಮುಗಟ್ಟಲೆ ತುಂಬಿ ಕೊಟ್ಟರು. ಆ ದನಗಳು ತಿನ್ನುವುದು ಬರೀ ಜೋಳದ ಕಾಳು. ಹುಲ್ಲು ತಿಂದ ಹಸುವಿನ ಸೆಗಣಿಯಲ್ಲಿರುವ ನಾರು ಇದರಲ್ಲಿ ಎಲ್ಲಿಂದ ಬರಬೇಕು? ತಿಳಿಸಾರಿನ ಹಾಗಿತ್ತು. ನಾವು ಅದನ್ನೇ ದೋಸೆ ಹಿಟ್ಟು ಹೊಯ್ದ ಹಾಗೆ ಹೊಯ್ದು, ಕೈಗೆ ಗ್ಲೌಸ್ ಹಾಕಿಕೊಂಡು ಸವರಿ, ಗ್ರೂಪ್ ಫೋಟೋ ತೆಗೆಸಿಕೊಂಡು ಹೋಟೆಲಿಗೆ ಹೋದೆವು.

ಬೆಳಗ್ಗೆ ಬಂದು ನೋಡಿದರೆ ನೆಲವೆಲ್ಲ ಹಪ್ಪಳದ ಹಾಗೆ ಬಿರಿದು ಎದ್ದಿತ್ತು. ಇಡೀ ಕೌಂಟಿಯ ನೊಣಗಳು ಅಲ್ಲಿ ಸೇರಿದ್ದವು. ಡೋರಿಸಜ್ಜಿ ಬಾಗಿಲಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. ಆಕೆ ಬೈಯಲಿಲ್ಲ. "ಓ ಮೈ," ಎಂದರು ಮೆಲ್ಲಗೆ. ಆಮೇಲೆ ಹೊರಗೆ ಹೋಗಿ ಟ್ರಕ್ಕಿನಲ್ಲಿ ಕೂತರು. ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು.

ಕಾಕಾ ಗೋಡೆಯ ಮೇಲೆ ತೂಗುಹಾಕಿದ್ದ ಯಾವುದೋ ಫಲಕದ ಕಡೆ ತಿರುಗಿ ನಿಂತರು. ಆದರೆ ಓದಲಿಲ್ಲ.

ನಮಗೆ ಸೋಮವಾರ ಆಫೀಸು. ನಾವು ಹೊರಟೆವು. ಕಾಕಾ, "ನಾವು ಬರೂದಿಲ್ಲ, ನೀವು ಹೋಗ್ರಿ," ಎಂದರು. ನಾನು ಕಾಕುವಿನ ಮುಖ ನೋಡಿದೆ. ಮುಂದಿನ ವಾರ ಅವರು ಲಾಸ್ ಆಲ್ಟೋಸಿನ ಗೆಳತಿಯರ ಜೊತೆ ಅಲಾಸ್ಕಾದ ಹಡಗು ಹತ್ತಬೇಕಿತ್ತು. ಬೋರ್ಡೇ ಇಲ್ಲದ ಊರಿಗೆ ಹೋಗುತ್ತೇನೆಂದು ವರ್ಷವೆಲ್ಲ ಹೇಳಿಕೊಂಡು ತಿರುಗಿದ್ದರು. ಕಾಕು ವ್ಯಾನಿನಿಂದ ತಮ್ಮ ಪೆಟ್ಟಿಗೆ ಇಳಿಸಿಕೊಂಡು, ಶೇಂಗಾದ ಚೀಲ ಮಾತ್ರ ನನ್ನ ಮಗಳ ಕೈಗೆ ಕೊಟ್ಟರು.

ಮುಂದಿನ ಕತೆಯನ್ನು ನಾವು ಕಾಕಾನ ಬಾಯಿಂದ ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಗಣೇಶನ ಹಬ್ಬದಲ್ಲಿ, ನಾಮಕರಣಗಳಲ್ಲಿ, ಪಾಟ್‌ಲಕ್ಕಿನ ಬಿಸಿಬೇಳೆಬಾತಿನ ಸಾಲಿನಲ್ಲಿ ನಿಂತು ಹೇಳಿದ್ದೇ ಹೇಳಿದ್ದು. ಹುಲ್ಲು ಮೇಯುವ ಹಸುಗಳನ್ನು ಹುಡುಕಿದ್ದು, ಹೊಳೆಯ ಜೇಡಿಮಣ್ಣು ತಂದು ಗುಂಡಿ ತುಂಬಿ ದಮ್ಮಸು ಹೊಡೆದದ್ದು, ತೆಳ್ಳಗೆ ಒಂದೊಂದೇ ಪದರ ಸಾರಿಸಿ ಒಣಗಿಸಿದ್ದು. ಕೊನೆಗೆ ಕೌಂಟಿಯವನು ಬಂದು ಬೂಟುಗಾಲಿನಿಂದ ನೆಲವನ್ನು ಒದ್ದು ನೋಡಿ, ತಲೆಯಾಡಿಸಿ, ಮನೆ ತೆರೆದಿಡಬಹುದು ಎಂದದ್ದು. "ಹಿಂಗ ಸಾರಿಸ್ಬೇಕು ನೋಡ್ರಿ," ಎಂದು ಕಾಕಾ ಪೇಪರ್ ತಟ್ಟೆಯನ್ನು ಎಡಗೈಗೆ ದಾಟಿಸಿ, ಬಲಗೈಯನ್ನು ಗಾಳಿಯಲ್ಲಿ ಅರ್ಧ ಚಂದ್ರಾಕಾರವಾಗಿ ಬೀಸುತ್ತಿದ್ದರು. ಪಕ್ಕದಲ್ಲಿದ್ದವರ ಕುರ್ತಾಕ್ಕೆ ಸಾರು ಬೀಳುತ್ತಿತ್ತು. ಕಾಕು ಅತ್ತ ನೋಡುತ್ತಲೂ ಇರಲಿಲ್ಲ.

ಅವರು ತೀರಿಕೊಂಡ ಸುದ್ದಿ ತಿಳಿದು ಡೋರಿಸಜ್ಜಿ ಕಾಕುವಿಗೆ ಫೋನ್ ಮಾಡಿದರು. ಮನೆಯ ಮುಂದೆ ಅವರ ಹೆಸರಿನ ಫಲಕ ನಿಲ್ಲಿಸುತ್ತಿದ್ದೇವೆ, ನೀವು ಬರಬೇಕು ಎಂದರು. ಕಾಕು ನನಗೆ ಫೋನ್ ಮಾಡಿ, "ತಂಗಿ, ವ್ಯಾನು ತಗೋ," ಎಂದರು. ಈ ಜೂನಿನಲ್ಲಿ ಹೋದೆವು. ಆ ಹೊತ್ತಿಗೆ ಮತ್ತೆ ಮಂಡ್ಯದಿಂದ ಬಂದಿದ್ದ ಅತ್ತೆಯೂ ಹಟ ಮಾಡಿ ಜೊತೆಗೆ ಬಂದರು.

ಮನೆ ಮೊದಲಿನ ಹಾಗೇ ಬಯಲಿನ ನಡುವೆ ಕೂತಿತ್ತು. ಮುಂದೆ ಹೊಸ ಕಂಬ, ಅದರ ಮೇಲೆ ಹೊಸ ಫಲಕ, ಪಕ್ಕದಲ್ಲಿ ಡೋರಿಸಜ್ಜಿ. ನಾನು ಎಂಜಿನ್ ಆರಿಸುವ ಮೊದಲೇ ಕಾಕು ಬಾಗಿಲು ತೆಗೆದು ಇಳಿದರು. ಬೋರ್ಡಿಗಾಗಿ ಅವರು ವ್ಯಾನಿನಿಂದ ಇಳಿದದ್ದು ಅದೇ ಮೊದಲು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಫಲಕದ ಮುಂದೆ ನಿಂತು, ಗಟ್ಟಿಯಾಗಿ ಓದತೊಡಗಿದರು. ಇಂಗ್ಲಿಷಿನಲ್ಲಿ, ನಿಧಾನವಾಗಿ, ಒಂದಕ್ಷರವನ್ನೂ ಬಿಡದೆ. ಕ್ಯಾಲಿಫೋರ್ನಿಯಾದ ಇಂಥ ಮಹನೀಯರು ಈ ಮನೆಯ ನೆಲವನ್ನು ತಮ್ಮ ದೇಶದ ಪದ್ಧತಿಯಂತೆ ಸ್ವತಃ ತಮ್ಮ ಕೈಯಾರೆ ಸಾರಿಸಿ ಉಳಿಸಿಕೊಟ್ಟರು ಎಂದು ಬರೆದಿತ್ತು. ಕಾಕಾನ ಪೂರ್ತಿ ಹೆಸರಿತ್ತು. ಕಾಕು ಕೆಳಗಿನ ಸಣ್ಣಕ್ಷರವನ್ನೂ ಓದಿ ಮುಗಿಸಿ ನಮ್ಮ ಕಡೆ ತಿರುಗಿದರು.

"ಸುಳ್ಳು," ಎಂದರು.

ನಾವು ಬೆಚ್ಚಿದೆವು. ಪಕ್ಕದಲ್ಲಿದ್ದ ಡೋರಿಸಜ್ಜಿಗೆ ಅರ್ಥವಾಗಲಿಲ್ಲ, ಸುಮ್ಮನೆ ನಕ್ಕರು.

"ಸಾರಿಸಿದಾಕಿ ನಾನು. ಗದಗಿನ ಹಂತೇಕ ಹಳ್ಳಿಗೆ ನಮ್ಮಕ್ಕನ್ನ ಕೊಟ್ಟಾರ, ಆಕಿಗೆ ದಿನಾ ವಿಡಿಯೋ ಕಾಲ್ ಮಾಡ್ತಿದ್ದೆ. ನಾ ಸಾರಿಸೂದು ನೋಡಿ ಆಕಿ ನಕ್ಕೂ ನಕ್ಕೂ ಸಾಯ್ತಿದ್ಲು. ಬೈಸಿಕೊಂಡು ಬೈಸಿಕೊಂಡು ಕಲ್ತೆ. ನೀವು ಹೋದ ಮರುದಿನಾ ಇವ್ರು ಹೆಂಡ್ಯಾಗ ಬರಿಗೈ ಹಾಕಿದ್ರು, ಅಲ್ಲೇ ವಾಂತಿ ಮಾಡ್ಕೊಂಡ್ರು. ಆಮ್ಯಾಲೆ ಒಳಗ ಬರಲೇ ಇಲ್ಲ. ಡೋರಿಸಬಾಯಿನೂ ನಾತಕ್ಕ ಹೆದರಿ ಕೆಲಸ ಮುಗಿಯೂತನಕ ಈ ಕಡೆ ಬರಲಿಲ್ಲ, ಇವ್ರು ಹೇಳಿದ್ದನ್ನ ನಂಬಿದ್ರು."

"ಮತ್ತೆ ಕಾಕಾ ಏನ್ ಮಾಡ್ತಿದ್ರು?" ಎಂದೆ.

"ಏನು ಮಾಡ್ತಾರ? ಆ ಕಿಡಕಿ ಹೊರಗ ನಿಂತು ಬೋರ್ಡು ಓದ್ತಿದ್ರು. ಮೂಗಿಗೆ ವಸ್ತ್ರ ಕಟ್ಕೊಂಡು. ಮ್ಯೂಸಿಯಮ್ಮಿನಾಗಿದ್ದ ಹಾಳಿ, ಪಾಟಿ, ಫಲಕ ಎಲ್ಲಾ ಹೊರಗ ತರಿಸ್ಕೊಂಡು ಓದಿ ಓದಿ ಹೇಳಿದ್ರು. ಈ ಡೋರಿಸಬಾಯಿ ಮುತ್ತಜ್ಜಿ ಹೆಸರು ಕೇಳು, ಹೇಳ್ತೀನಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನನಗೂ ನಗು ಬಂತು. ಇಷ್ಟು ವರ್ಷ ನಮ್ಮ ಮುಂದೆ ಗಾಳಿಯಲ್ಲಿ ಬೀಸಿದ ಆ ಕೈಗೆ ಹೆಂಡಿ ಹತ್ತಿದ್ದು ಒಂದೇ ಒಂದು ಸಲ. ಅದನ್ನು ಪಕ್ಕದಲ್ಲೇ ಕೂತು ಕೇಳಿಸಿಕೊಂಡ ಈ ಹೆಂಗಸು ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

"ಬೋರ್ಡು ಬದಲಾಯಿಸೋಣ ಕಾಕು," ಎಂದೆ. "ಅಜ್ಜಿಗೆ ನಾನು ಹೇಳ್ತೀನಿ. ನಿಮ್ಮ ಹೆಸರು ಹಾಕಿಸ್ತಾರೆ."

"ಬ್ಯಾಡ. ಬೋರ್ಡು ಬರೆಯೋರು ಅರ್ಧಾನೇ ಬರೀತಾರ ಅಂತಿದ್ರಲ್ಲ, ಈಗ ಅದರಾಗ ತಾವೇ ಕೂತಾರ. ಇರ್ಲಿ, ಭಾಳ ಆಸೆ ಇತ್ತು ಅವರಿಗೆ."

ಚಪ್ಪಲಿ ಬಿಟ್ಟು ಒಳಗೆ ಹೋದರು. ನೆಲ ಕಪ್ಪಗೆ, ನುಣ್ಣಗೆ, ಗಟ್ಟಿಯಾಗಿತ್ತು. ಕಾಕು ಕಾಲಿನ ಹೆಬ್ಬೆರಳಿನಿಂದ ಒತ್ತುತ್ತ ಒಂದು ಸುತ್ತು ಬಂದು ಒಲೆಯ ಹತ್ತಿರ ನಿಂತರು. ಅಲ್ಲಿ ಒಂದು ಕಡೆ ಪದರ ಎದ್ದಿತ್ತು. ಡೋರಿಸಜ್ಜಿಗೆ ಅದನ್ನು ಬೆರಳಿನಿಂದ ತೋರಿಸಿ, "ಕೌ? ಗ್ರಾಸ್ ಕೌ?" ಎಂದು ಕೇಳಿದರು. ಅಜ್ಜಿಯ ಮುಖ ಅರಳಿತು. ಟ್ರಕ್ಕು ಹತ್ತಿ ಹೋಗಿ ಸ್ವಲ್ಪ ಹೊತ್ತಿಗೆ ಒಂದು ಬಕೆಟ್ಟು ತುಂಬಿಸಿಕೊಂಡು ಬಂದರು.

ಕಾಕು ಬಳೆ ಮೇಲಕ್ಕೆ ಸರಿಸಿ, ಮಂಡಿಯೂರಿ ಕೂತು, ಬಕೆಟ್ಟಿಗೆ ಕೈ ಹಾಕಿದರು. ಹಾಕಿದ ಕೈ ಹಾಗೇ ನಿಂತಿತು. ತಲೆ ಎತ್ತಿ ಕಿಟಕಿಯ ಕಡೆ ನೋಡಿದರು. ಕಿಟಕಿಯ ಆಚೆ ಬಯಲೊಂದೇ ಇತ್ತು.

"ತಂಗಿ," ಎಂದರು. "ಹೊರಗ ಹೋಗಿ ಆ ಬೋರ್ಡು ಓದು."

"ಈಗ ತಾನೆ ಓದಿದ್ರಲ್ಲ ಕಾಕು?"

"ಮತ್ತ ಓದು. ಜೋರಾಗಿ ಓದು. ಓದೋರಿಲ್ದ ನನಗ ಕೈ ಓಡೂದಿಲ್ಲ."

ನಾನು ಹೊರಗೆ ಹೋದೆ. ಬಿಸಿಲಿನಲ್ಲಿ ಫಲಕದ ಮುಂದೆ ನಿಂತು, ಆ ಸುಳ್ಳನ್ನು ಕಾಕಾನ ಹೆಸರಿನಿಂದ ಶುರುಮಾಡಿ ಗಟ್ಟಿಯಾಗಿ ಓದತೊಡಗಿದೆ. ಗಾಳಿ ಜೋರಾಗಿತ್ತು. ಕೊನೆಯ ಸಣ್ಣಕ್ಷರ ಮುಗಿಸಿ ನಿಲ್ಲಿಸಿದರೆ ಒಳಗಿನಿಂದ ಕಾಕುವಿನ ದನಿ ಬಂತು.

"ಕನ್ನಡದಾಗ ಯಾರು ಹೇಳ್ಬೇಕು?"